ಘಟಪ್ರಭೆಯ ಮೇಲೆ ಕಾಣದ ಮಳೆ

ಬೆಳಗಾವಿ ಜಿಲ್ಲೆಯ ಮೂಡಲಗಿ, ಗೋಕಾಕ, ಹುಕ್ಕೇರಿಗಳನ್ನು ಒಂದೇ ಪ್ರವಾಸದಲ್ಲಿ ನೋಡಬಯಸುವವರು ಘಟಪ್ರಭೆಯ ಪ್ರವಾಹಕ್ಕೆ ಎದುರಾಗಿ ಸಾಗುವುದು ಲೇಸು. ಸಹ್ಯಾದ್ರಿಯಲ್ಲಿ ಹುಟ್ಟಿದ ಈ ನದಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ತುಸು ತಂಗಿ, ಗೋಕಾಕದ ಬಳಿ ಬಂಡೆಯಿಂದ ಧುಮುಕಿ, ಮೂಡಲಗಿ ಸೀಮೆಯ ಕಬ್ಬಿಗೆ ನೀರುಣಿಸಿ ಕೃಷ್ಣೆಯತ್ತ ನಡೆಯುತ್ತದೆ. ಮೂಡಲಗಿಯಿಂದ ಹೊರಟರೆ ರಸ್ತೆಯ ಇಕ್ಕೆಲಗಳಲ್ಲಿಯೂ ಕಬ್ಬಿನ ಗದ್ದೆ. ಅಲ್ಲಲ್ಲಿ ಇನ್ನೂ ಕಾಣಸಿಗುವ ಜೋಡೆತ್ತಿನ ಗಾಡಿ. ಈ ಜೋಡೆತ್ತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಗೋಕಾಕದ ಜಲಪಾತವನ್ನು ಮಳೆಗಾಲದಲ್ಲಿಯೇ ನೋಡಬೇಕು. ಸುಮಾರು 170 ಅಡಿ ಎತ್ತರದಿಂದ, ಕುದುರೆಯ ಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ, ಕೆಂಪು ನೀರು ಭೋರ್ಗರೆಯುತ್ತ ಬೀಳುವಾಗ ಪಕ್ಕದಲ್ಲಿದ್ದವರ ಮಾತು ಕೇಳಿಸದು. ಈ ನೀರಿನ ಬಲವನ್ನು ನಂಬಿಯೇ 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಎದ್ದಿತು. ನನ್ನೊಡನೆ ಅಕ್ಕ, ಭಾವ ಮತ್ತು ಅವರ ಮಗಳು ಬಂದಿದ್ದರು. ಹುಡುಗಿ ಬಿ.ಎಸ್ಸಿ. ಮುಗಿಸಿದ್ದಾಳೆ. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂಬುದು ಅವಳ ಹಂಬಲ. ಬೇಗನೆ ಸಂಬಳ ಬರುವ ಕೆಲಸ ಹಿಡಿಯಲೆಂಬುದು ಭಾವನವರ ಅಪೇಕ್ಷೆ.

“ಮಾಮಾ, ಇದಕ್ಕಿಂತ ದೊಡ್ಡ ಜಲಪಾತ ನಮ್ಮ ತಲೆಯ ಮೇಲಿದೆ,” ಎಂದಳು ಹುಡುಗಿ.

ಅವಳು ಹೇಳಿದ್ದು ವಿಶ್ವಕಿರಣಗಳ ಸಂಗತಿ. ಆಕಾಶದ ದೂರದೂರದಿಂದ ಮಹಾವೇಗದಲ್ಲಿ ಬರುವ ಕಣಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರೋಟಾನುಗಳು. ನೆಲದಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಅವು ಗಾಳಿಯ ಪರಮಾಣುಗಳ ಬೀಜಕ್ಕೆ ಡಿಕ್ಕಿ ಹೊಡೆಯುತ್ತವೆ. ಆ ಡಿಕ್ಕಿಯ ಶಕ್ತಿಯೇ ಹೊಸ ಕಣಗಳಾಗಿ ರೂಪು ತಾಳುತ್ತದೆ. ಹೆಚ್ಚಿನವು ಪಯಾನುಗಳು, ನಡುನಡುವೆ ಕೆಲವು ‘ವಿಚಿತ್ರ ಕಣಗಳು’. ಇವೆಲ್ಲ ಒಡೆದು ಹುಟ್ಟುವ ಮ್ಯೂಆನುಗಳು ನಮ್ಮ ಚಾಚಿದ ಅಂಗೈಯನ್ನು ಸುಮಾರು ಸೆಕೆಂಡಿಗೊಂದರಂತೆ ಹಾದುಹೋಗುತ್ತಲೇ ಇರುತ್ತವೆ. ಈ ಮಳೆಗೆ ಕಾಲವಿಲ್ಲ, ಕೊಡೆಯೂ ಇಲ್ಲ.

ವಿಚಿತ್ರವೆಂಬ ಹೆಸರು ಸುಮ್ಮನೆ ಬಂದುದಲ್ಲ. 1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ಎಂಬ ವಿಜ್ಞಾನಿಗಳು ವಿಶ್ವಕಿರಣಗಳ ಜಾಡಿನ ಛಾಯಾಚಿತ್ರಗಳಲ್ಲಿ ಕವಲೊಡೆದ ಗೆರೆಗಳನ್ನು ಕಂಡರು. ಅಜ್ಞಾತ ಕಣವೊಂದು ಎರಡಾಗಿ ಒಡೆದಿತ್ತು. ಇಂಥ ಕಣಗಳು ಹುಟ್ಟಲು ಬೇಕಾದ ಕಾಲ ಅತ್ಯಲ್ಪ. ಅಷ್ಟೇ ಬೇಗ ಅವು ಸಾಯಲೂ ಬೇಕಿತ್ತು. ಆದರೆ ಅವುಗಳಲ್ಲೊಂದಾದ ಲ್ಯಾಂಬ್ಡಾ ನಿರೀಕ್ಷೆಗಿಂತ ಹತ್ತು ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ಕಾಲ ಬಾಳುತ್ತದೆ. ಒಂದು ಸೆಕೆಂಡಿನ ಆಯುಷ್ಯದವನು ಮೂರು ಲಕ್ಷ ವರ್ಷ ಬದುಕಿದಂತೆ!

ಒಗಟು ಬಿಡಿಸಿದ್ದು ಜೋಡಿಯ ನಿಯಮ. 1953ರ ಸುಮಾರಿಗೆ ಅಮೆರಿಕದ ಗೆಲ್‌ಮನ್ ಮತ್ತು ಜಪಾನಿನ ನಿಶಿಜಿಮಾ ಪ್ರತ್ಯೇಕವಾಗಿ ‘ವಿಚಿತ್ರತೆ’ ಎಂಬ ಗುಣವನ್ನು ಕಲ್ಪಿಸಿದರು. ಪ್ರಬಲ ಡಿಕ್ಕಿಯಲ್ಲಿ ಈ ಗುಣದ ಜಮೆ, ಖರ್ಚು ಸರಿಹೋಗಲೇಬೇಕು. ಆದುದರಿಂದ ಒಂದರ ಜೊತೆಗೆ ವಿರುದ್ಧ ಗುಣದ ಇನ್ನೊಂದು ಹುಟ್ಟುತ್ತದೆ. ಜೋಡೆತ್ತಿನಂತೆ ಕೂಡಿ ಬರುವ ಇವು ಹುಟ್ಟಿದೊಡನೆ ಅಗಲುತ್ತವೆ. ಒಂಟಿಯಾದ ಮೇಲೆ ಗುಣವನ್ನು ಕಳೆಯಬಲ್ಲದ್ದು ದುರ್ಬಲ ಬಲವೊಂದೇ. ಅದು ನಿಧಾನಿ, ಅಂತೆಯೇ ದೀರ್ಘಾಯುಷ್ಯ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಊರಿನ ಹಿರಿಯರೊಬ್ಬರು, “ಖರೆ ಅದ ತಂಗಿ, ಆದರ ಇದರಿಂದ ನಮಗೇನ ಬಂತು?” ಎಂದರು. ಭಾವನವರ ಮುಖದಲ್ಲಿ ನಗು ಮೂಡಿತು.

“ನನಗೂ ಗೊತ್ತಿಲ್ಲರಿ ಅಜ್ಜಾರ. ತಿಳಕೋಬೇಕು ಅನಸ್ತದರಿ,” ಎಂದಳು ಹುಡುಗಿ.

ಗೋಕಾಕ ಪೇಟೆಯಲ್ಲಿ ಕರದಂಟು ಕೊಳ್ಳದೆ ಮರಳಿದವರುಂಟೆ? ಕರಿದ ಅಂಟು, ಬೆಲ್ಲದ ಪಾಕ, ಒಣಹಣ್ಣು ಕೂಡಿದ ತಿನಿಸು. ಪಾಕ ಬಿಸಿಯಿರುವಾಗ ಎಲ್ಲವೂ ಬೆರೆಯುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಜಿನೀವಾದ ಬಳಿಯ ಮಹಾಯಂತ್ರದಲ್ಲಿ ಸೀಸದ ಬೀಜಗಳನ್ನು ಡಿಕ್ಕಿ ಹೊಡೆಸಿದಾಗಲೂ ಪ್ರೋಟಾನು, ನ್ಯೂಟ್ರಾನುಗಳು ಕರಗಿ ಕ್ವಾರ್ಕುಗಳ ಪಾಕವಾಗುತ್ತದೆ. ಆರುವಾಗ ಅದರಿಂದ ವಿಚಿತ್ರ ಕಣಗಳು ಹೆಚ್ಚಿನ ಪಾಲಿನಲ್ಲಿ ಹೊರಬೀಳುತ್ತವೆ. ಬರಿಯ ಪ್ರೋಟಾನುಗಳ ಡಿಕ್ಕಿಯಲ್ಲಿಯೂ ಕಣಗಳ ಸಂಖ್ಯೆ ಬಹಳವಾದಾಗ ಇದೇ ಏರಿಕೆ ಕಂಡಿತೆಂದು ಭಾರತೀಯರೂ ಪಾಲ್ಗೊಂಡ ‘ಆಲಿಸ್’ ಪ್ರಯೋಗ 2017ರಲ್ಲಿ ಪ್ರಕಟಿಸಿತು.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗಿಳಿದು, ಪಯಾನು ಮತ್ತು ವಿಚಿತ್ರವಾದ ಕೆಯಾನುಗಳಿಂದ ಹುಟ್ಟಿದ ಮ್ಯೂಆನುಗಳು ಎಷ್ಟು ಆಳಕ್ಕೆ ಇಳಿಯುತ್ತವೆಂದು ಅಳೆಯತೊಡಗಿದರು. 1965ರಲ್ಲಿ ಅಲ್ಲಿಯೇ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ದೊರೆತ ಅರಿವು ಮಾತ್ರ ಇಂದಿಗೂ ಚಲಾವಣೆಯಲ್ಲಿದೆ.

ಸಂಜೆಗೆ ಹುಕ್ಕೇರಿ ಸೇರಿದೆವು. ಹಳೆಯ ಗುಮ್ಮಟಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಊರಿನಲ್ಲಿ ದೀಪಗಳು ಹತ್ತತೊಡಗಿದ್ದವು. 1969ರಲ್ಲಿ ಇಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಜನರು ತಾವೇ ಸದಸ್ಯರಾಗಿ ಬೆಳಕನ್ನು ಹಂಚಿಕೊಂಡ ಊರಿದು. ಆ ವಿದ್ಯುತ್ತಿನ ಮೂಲಸೂತ್ರ 1831ರಲ್ಲಿ ಫ್ಯಾರಡೆ ಸುರುಳಿ ತಂತಿಯ ಬಳಿ ಅಯಸ್ಕಾಂತವನ್ನು ಆಡಿಸಿ ಕಂಡುಕೊಂಡದ್ದು. ಅದು ಹುಕ್ಕೇರಿಯ ಪಂಪುಸೆಟ್ಟಿನವರೆಗೆ ಬಂದೀತೆಂದು ಅಂದು ಯಾರು ಬಲ್ಲರು? ವಿಚಿತ್ರ ಕಣವೂ ನಾಳೆ ದೀಪ ಹೊತ್ತಿಸೀತೆಂದು ಭರವಸೆ ಕೊಡುವಂತಿಲ್ಲ. ಹೊತ್ತಿಸದಿದ್ದರೂ ಪದಾರ್ಥವು ಯಾವ ನಿಯಮಕ್ಕೆ ಬದ್ಧವಾಗಿದೆ ಎಂಬುದನ್ನು ಅದು ನಮಗೆ ತಿಳಿಸಿದೆ.

ದೀಪಗಳನ್ನೇ ನೋಡುತ್ತಿದ್ದ ಭಾವನವರು ಮಗಳತ್ತ ತಿರುಗಿ, “ಅರ್ಜಿ ಹಾಕಲು ಕೊನೆಯ ದಿನ ಯಾವುದು?” ಎಂದು ಕೇಳಿದರು.

ಈ ಮೂರು ಊರುಗಳಿಗೆ ಹೋಗುವವರು ಎರಡು ದಿನದ ಬಿಡುವು ಇಟ್ಟುಕೊಳ್ಳಲಿ. ರಾತ್ರಿ ಒಂದಿಷ್ಟು ಹೊತ್ತು ಬಯಲಿನಲ್ಲಿ ಕುಳಿತು ಅಂಗೈ ಚಾಚಲಿ. ಏನೂ ತಾಗಿದಂತೆ ಅನ್ನಿಸದು. ಆದರೂ ಮಳೆ ಬೀಳುತ್ತಿರುತ್ತದೆ.