ಗರಗಸಕ್ಕೆ ನೀರು

ಕಲ್ಲೆಂದರೆ ನಮಗೆ ನೆನಪಾಗುವುದು ಬೇಲೂರು, ಹಳೇಬೀಡು. ಅಲ್ಲಿನದು ಬಳಪದ ಕಲ್ಲು. ಉಳಿಗೆ ಒಲಿಯುವಷ್ಟು ಮೃದು. ನಮ್ಮ ಅಡುಗೆಕಟ್ಟೆಯ ಗ್ರಾನೈಟು ಅಂಥ ಸಾಧುವಲ್ಲ. ಅದಕ್ಕೆ ವಜ್ರದ ಹಲ್ಲಿನ ಗರಗಸವೇ ಬೇಕು.

ಕಟ್ಟೆಕಲ್ಲು ಆರಿಸಲು ಹೋಗಿ, ಅಂಥದೊಂದು ಕಾರ್ಖಾನೆಯೊಳಗೆ ಗಳಿಗೆ ಹೊತ್ತು ನಿಂತಿದ್ದೆ. ದೊಡ್ಡ ಗರಗಸದ ಮೇಲೆ ನೀರು ಧಾರೆಯಾಗಿ ಬೀಳುತ್ತಿತ್ತು, ಅದು ಕಾಯದಿರಲಿ ಎಂದು. ಮೂಲೆಯಲ್ಲಿ ತರುಣನೊಬ್ಬ ಕೈಯಂತ್ರ ಹಿಡಿದು, ಸಿಂಕಿಗೆಂದು ಎಳೆದ ಗೆರೆಯ ಮೇಲೆ ಒಣಕಲ್ಲನ್ನೇ ಕೊಯ್ಯುತ್ತಿದ್ದ. ರೆಪ್ಪೆಯೆಲ್ಲ ಬಿಳುಪು, ಮೂಗಿಗೊಂದು ಕರವಸ್ತ್ರ.

“ನೀರು ಹಾಕಬಾರದೇನಪ್ಪ?”

“ಗೆರೆ ಕಾಣೋಲ್ಲ, ಸಾರ್.”

ಗರಗಸಕ್ಕೆ ಸಿಕ್ಕ ಉಪಚಾರ ಅದರ ಒಡನಾಡಿಗಿಲ್ಲ! ಕಣ್ಣಿಗೆ ಕಾಣುವ ದೂಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲೇ ನಿಲ್ಲುತ್ತದೆ. ಕಾಣದ ಸಿಲಿಕಾ ಕಣಗಳು ಕರವಸ್ತ್ರವನ್ನೂ ದಾಟಿ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಬಯಲಿನಲ್ಲಾದರೆ ಗಾಳಿ ಒಂದಿಷ್ಟು ಪಾಲು ಹೊತ್ತೊಯ್ಯುತ್ತದೆ. ನಾಲ್ಕು ಗೋಡೆಗಳ ನಡುವೆ ಎಲ್ಲವೂ ಉಸಿರಾಡುವವನ ಪಾಲಿಗೇ. ಅದರಿಂದ ಬರುವ ಸಿಲಿಕೋಸಿಸ್ ಗುಣವಾಗುವ ರೋಗವಲ್ಲ. 1948ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲೇ ಅದರ ಹೆಸರಿತ್ತು. ಗ್ರಾನೈಟಿಗಿಂತಲೂ ಹೆಚ್ಚು ಸಿಲಿಕಾ ತುಂಬಿದ ಕೃತಕ ಕಲ್ಲಿನ ಹಲಗೆಗಳನ್ನು ಆಸ್ಟ್ರೇಲಿಯ 2024ರ ಜುಲೈಯಲ್ಲಿ ನಿಷೇಧಿಸಿಯೇಬಿಟ್ಟಿತು.

ನಾವು ಅಷ್ಟು ದೂರ ಹೋಗಬೇಕಿಲ್ಲ. ಕಲ್ಲಿನ ನುಣುಪನ್ನು ಸವರಿ ನೋಡಿ, ಬೆಲೆಗೆ ಚೌಕಾಸಿ ಮಾಡುವಾಗ, ಇನ್ನೊಂದು ಮಾತು ಕೇಳಬಹುದು: “ಪೂರ್ತಿ ನೀರು ಹಾಕಿಯೇ ಕೊಯ್ಯಲು ಹೆಚ್ಚಿಗೆ ಎಷ್ಟಾಗುತ್ತದೆ?” ನೀರಿನ ಕೊಳವೆಯುಳ್ಳ ಕೈಯಂತ್ರಗಳಿವೆ, ನೀರಿಗೆ ಅಳಿಯದ ಬಣ್ಣದ ಕಡ್ಡಿಗಳೂ ಇವೆ. ಅಂಗಡಿಯಲ್ಲಿ ಸಿಗದಿರುವುದು ಶ್ವಾಸಕೋಶವೊಂದೇ.