ಟೂಲು, ಹತ್ಯಾರ, ಮುಟ್ಟು

ನಮ್ಮ ಈ ಕಡೆಯ ಕನ್ನಡಿಗರ ಮನೆಗಳಲ್ಲಿ ಉಪ್ಪು-ಹುಳಿಯಷ್ಟೇ ಸಲೀಸಾಗಿ ಬಳಕೆಯಾಗುವ ಇಂಗ್ಲಿಷ್ ಶಬ್ದಗಳಲ್ಲಿ ‘ಟೂಲ್’ ಒಂದು. 1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ನಿಗಮ ಹುಟ್ಟಿದ ಮೇಲೆ ಠಾಣೆಯ ವಾಗ್ಳೆ ಇಸ್ಟೇಟು, ಡೊಂಬಿವಲಿಯ ಎಂ.ಐ.ಡಿ.ಸಿ., ಠಾಣೆ-ಬೇಲಾಪುರ ರಸ್ತೆಯ ಕಾರಖಾನೆಗಳು ಬೆಳೆದವು. ಅವುಗಳ ಬೆನ್ನಿಗೆ ನಮ್ಮವರೂ ಬಂದರು. ‘ಹುಡುಗ ಟೂಲ್ ರೂಮಿನಲ್ಲಿದ್ದಾನೆ’ ಎಂದರೆ ಹೆಣ್ಣು ಕೊಡುವವರಿಗೆ ಅಷ್ಟೇ ಸಾಕಾಗುತ್ತಿದ್ದ ಕಾಲವೂ ಇತ್ತು.

ಈ ಶಬ್ದಕ್ಕೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ‘ಮಾಡು, ಸಿದ್ಧಪಡಿಸು’ ಎಂಬ ಹಳೆಯ ಜರ್ಮಾನಿಕ್ ಧಾತು. ಅದರ ಬಾಲಕ್ಕೆ ಸಾಧನವನ್ನು ಸೂಚಿಸುವ ‘ಲ್’. ತಳ್ಳುವುದಕ್ಕೆ ‘ಷವ್’, ತಳ್ಳಿ ಮಣ್ಣೆತ್ತುವ ಸಲಿಕೆಗೆ ‘ಷವೆಲ್’ ಎಂಬಂತೆಯೇ ಇದೂ. ಹದಿನೇಳನೆಯ ಶತಮಾನದ ಹೊತ್ತಿಗೆ ಇನ್ನೊಬ್ಬರ ಕೈಗೊಂಬೆಯಾದ ಮನುಷ್ಯನೂ ‘ಟೂಲ್’ ಎನಿಸಿಕೊಂಡ. ಈಗಲಂತೂ ಕಂಪ್ಯೂಟರಿನೊಳಗೆ ಕೈಗೆ ಸಿಗದ ವಸ್ತುವಿಗೂ ಅದೇ ಹೆಸರು.

ನಮ್ಮ ಭಾಷೆಯಲ್ಲೇನು ಬರವೆ? ಮೈಸೂರಿನ ಕಡೆ ಸಲಕರಣೆ, ಸಾಮಾನು. ಧಾರವಾಡದ ಕಡೆ ಹತ್ಯಾರ. ‘ಹತ್ಯಾರ’ ಇಲ್ಲಿನ ಮರಾಠಿಯವರಿಗೂ ತಿಳಿಯುತ್ತದೆ. ಕೈ ಎಂಬ ಅರ್ಥದ ‘ಹಾತ್’ ಅದರೊಳಗೆ ಅಡಗಿದೆ. ಆದರೆ ಕತ್ತಿ-ಬಂದೂಕುಗಳೂ ಹತ್ಯಾರವೇ. ಲೋಕಲ್ ಗಾಡಿಯಲ್ಲಿ ‘ಹತ್ಯಾರ ಮನೆಯಲ್ಲೇ ಮರೆತೆ’ ಎಂದು ಗಟ್ಟಿಯಾಗಿ ಹೇಳಿ ನೋಡಿ, ಎದುರಿನವರು ಜರುಗಿ ಕೂಡುತ್ತಾರೆ!

ನಮ್ಮ ತಂದೆಯವರು ಹಾಸನದ ಕಡೆಯ ಬೇಸಾಯಗಾರರು. ಅವರ ಬಾಯಲ್ಲಿ ಇವಾವುವೂ ಇರಲಿಲ್ಲ. ನೇಗಿಲು, ಕುಂಟೆ, ಬಾಚಿ, ಉಳಿ, ಬೈರಿಗೆ ಎಲ್ಲಕ್ಕೂ ಸೇರಿ ‘ಮುಟ್ಟು’ ಎಂಬ ಒಂದೇ ಮಾತು. ಅಪ್ಪಟ ದ್ರಾವಿಡ ಶಬ್ದ. ನೆರೆಯ ತಮಿಳರ ‘ತಟ್ಟುಮುಟ್ಟು’ ಸಾಮಾನು ಇದರ ಒಡಹುಟ್ಟು. ಆಯುಧಪೂಜೆಯ ಮುನ್ನಾದಿನ ಅವರು ‘ಮುಟ್ಟೆಲ್ಲಾ ತೊಳೆದಿಡಿ’ ಎಂದರೆ ನಮ್ಮ ಮಕ್ಕಳು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಪಟ್ಟಣದಲ್ಲಿ ಬೆಳೆದವರಿಗೆ ಆ ಶಬ್ದದ ಇನ್ನೊಂದು ಅರ್ಥ ಮಾತ್ರ ಗೊತ್ತು. ಬರಬರುತ್ತ ಮುದುಕರು ಆ ಮಾತನ್ನು ಆಡುವುದನ್ನೇ ಬಿಟ್ಟರು; ಕೊನೆಯ ವರ್ಷಗಳಲ್ಲಿ ಅವರೂ ‘ಟೂಲ್ಸು’ ಎನ್ನುತ್ತಿದ್ದರು. ನಮಗೆ ಈಗಲೂ ಚುಚ್ಚುವುದು ಇದು. ಬಳಕೆ ತಪ್ಪಿ ಸಾಯುವ ಶಬ್ದಗಳಿರುತ್ತವೆ, ನಿಜ. ಇದು ನಾಚಿಕೆಗೆ ಬಲಿಯಾಯಿತು.

ಅವರ ಪೆಟ್ಟಿಗೆ ಡೊಂಬಿವಲಿಯ ನಮ್ಮ ಮನೆಯ ಮಾಳಿಗೆಕಟ್ಟೆಯ ಮೇಲಿದೆ. ಮೊಮ್ಮಗ ಅದರಲ್ಲಿನ ಅರವನ್ನು ‘ಕಾನಸ್’ ಎನ್ನುತ್ತಾನೆ, ಗರಗಸವನ್ನು ‘ಕರವತ್’ ಎನ್ನುತ್ತಾನೆ. ಮರಾಠಿ ಕಲಿತದ್ದು ಒಳ್ಳೆಯದೇ. ನೆರೆಮನೆಯವರ ಖಂಡೇನವಮಿಯೂ ನಮ್ಮ ಆಯುಧಪೂಜೆಯೂ ಒಂದೇ ದಿನದ ಹಬ್ಬ. ಕನ್ನಡದ ಹೆಸರೂ ಜೊತೆಗಿರಲಿ ಎಂದು ಈ ಸಲ ಒಂದೊಂದರ ಹಿಡಿಗೂ ಚೀಟಿ ಬರೆದು ಕಟ್ಟಿದ್ದೇವೆ. ಪೆಟ್ಟಿಗೆಯ ಮುಚ್ಚಳದ ಮೇಲೆ ‘ಮುಟ್ಟು’ ಎಂದು ಬರೆಯುವುದಕ್ಕೆ ಮಾತ್ರ ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.