ಒಂಬತ್ತು ಡಾಲರಿನ ಹಾಡು

ನಾರ್ತ್ ಕೆರೊಲಿನಾದ ಷಾರ್ಲಟ್ ನಗರದ ಸುತ್ತಮುತ್ತ ನೆಲೆಸಿರುವ ನಮ್ಮ ಕೂಟದ ಕುಟುಂಬಗಳಿಗೆ ಗ್ಯಾಸ್ಟೋನಿಯಾ ಎಂಬುದು ಹೆದ್ದಾರಿ 85ರಲ್ಲಿ ಪಶ್ಚಿಮಕ್ಕೆ ಹೊರಟಾಗ ಕಣ್ಣಿಗೆ ಬಿದ್ದು ಮರೆಯಾಗುವ ಒಂದು ಫಲಕ ಮಾತ್ರ. ಮಕ್ಕಳೊಡನೆ ಕ್ರೌಡರ್ಸ್ ಬೆಟ್ಟವನ್ನೇರಲು ಹೋಗುವವರು ಆ ಫಲಕವನ್ನು ದಾಟುತ್ತಾರೆ. ಅಲ್ಲಿಳಿದು ನಿಲ್ಲುವವರು ಕಡಿಮೆ. ಆ ಊರಿನಲ್ಲಿ ಕೆಂಪು ಇಟ್ಟಿಗೆಯ, ಹಲವು ಅಂತಸ್ತುಗಳ ಬೃಹತ್ ಕಟ್ಟಡವೊಂದಿದೆ. ಈಗ ಅದರೊಳಗೆ ಎತ್ತರದ ಚಾವಣಿಯ, ದೊಡ್ಡ ಕಿಟಕಿಗಳ ವಾಸದ ಮನೆಗಳಿವೆ. 1929ರಲ್ಲಿ ಅದು ಲೋರೇ ಹತ್ತಿಗಿರಣಿ. ಆ ವರ್ಷ ಅಲ್ಲಿ ನಡೆದ ಮುಷ್ಕರದಲ್ಲಿ ಹಾಡು ಕಟ್ಟಿ ಹಾಡಿದ ಹೆಣ್ಣುಮಗಳೊಬ್ಬಳು ಗುಂಡೇಟಿಗೆ ಬಲಿಯಾದಳು. ಆಕೆಯ ಹೆಸರು ಎಲಾ ಮೇ ವಿಗಿನ್ಸ್. ಅಮೆರಿಕದ ಕಾರ್ಮಿಕ ಗೀತೆಗಳೆಂದರೆ ಜೋ ಹಿಲ್, ವುಡಿ ಗಥ್ರಿ ಎಂದು ಹೇಳುವವರಿಗೂ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ನಮ್ಮ ನೆರೆಯಲ್ಲೇ ಬಾಳಿ ನಮ್ಮ ನೆರೆಯಲ್ಲೇ ಮಣ್ಣಾದವಳ ಕಥೆಯನ್ನು ನಮ್ಮ ಭಾಷೆಯಲ್ಲಿ ಒಮ್ಮೆಯಾದರೂ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ನನಗೆ ಈ ಕಥೆಯಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ನಾನು ದಾವಣಗೆರೆಯವನು. ಬೆಣ್ಣೆದೋಸೆಗೂ ವೃತ್ತಿಶಿಕ್ಷಣದ ಕಾಲೇಜುಗಳಿಗೂ ಹೆಸರಾಗುವ ಮೊದಲು ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ನನ್ನ ತಂದೆ ಅಲ್ಲಿಯ ಹತ್ತಿ ಮಿಲ್ಲೊಂದರ ನೂಲುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ಹುಬ್ಬಿನ ಮೇಲೂ ಕಿವಿಯ ಅಂಚಿನಲ್ಲೂ ಹತ್ತಿಯ ನವಿರಾದ ಧೂಳು ಕೂತಿರುತ್ತಿತ್ತು. ಮಿಲ್ಲಿನ ಕೂಗು ನಮ್ಮ ಮನೆಗೆ ಗಡಿಯಾರ. ಆದ್ದರಿಂದ ಕೆರೊಲಿನಾಕ್ಕೆ ಬಂದ ಹೊಸದರಲ್ಲಿ ಇಲ್ಲಿಯ ಪಾಳುಬಿದ್ದ ಗಿರಣಿಗಳನ್ನೂ ಅವುಗಳ ಸುತ್ತಲಿನ ಸಾಲುಮನೆಗಳನ್ನೂ ಕಂಡಾಗ, ಪರದೇಶದಲ್ಲಿ ಪರಿಚಿತರ ಮುಖ ಕಂಡಂತಾಯಿತು.

ಎಲಾ ಮೇ ಹುಟ್ಟಿದ್ದು 1900ರ ಸೆಪ್ಟೆಂಬರ್ 17ರಂದು, ಟೆನೆಸಿಯ ಸ್ಮೋಕಿ ಪರ್ವತಗಳ ತಪ್ಪಲಿನ ಸೆವಿಯರ್‌ವಿಲ್ ಬಳಿ. ತಂದೆ ಮರ ಕಡಿಯುವ ಕೂಲಿ. ಮರ ಮುಗಿದಂತೆಲ್ಲ ಬಿಡಾರ ಮುಂದಕ್ಕೆ ಸಾಗುತ್ತಿತ್ತು. ಹುಡುಗಿ ಆ ಬಿಡಾರಗಳಲ್ಲೇ ಬೆಳೆದಳು. ಆ ಬೆಟ್ಟಗಳ ಜನ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ಪೂರ್ವಿಕರು ತಂದ ಕಥನಗೀತೆಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡಿದ್ದರು. ಅವುಗಳನ್ನು ನಮ್ಮ ಲಾವಣಿಗೆ ಹೋಲಿಸಬಹುದು: ಕೊಲೆ, ವಂಚನೆ, ಅಪಘಾತ, ಅಗಲಿಕೆ, ಎಲ್ಲಕ್ಕೂ ಒಂದೊಂದು ಹಾಡು. ಎಲಾ ಮೇ ಸೊಗಸಾಗಿ ಹಾಡುತ್ತಿದ್ದಳು. ಮರ ಕಡಿಯುವವರು ಕೇಳುತ್ತಿದ್ದರು. ಅದೇ ಆಕೆಯ ಸಂಗೀತ ಪಾಠಶಾಲೆ. ತಂದೆ ಕೆಲಸದಲ್ಲೇ ಅಪಘಾತಕ್ಕೀಡಾಗಿ ತೀರಿಕೊಂಡರು. ಹದಿಹರೆಯದಲ್ಲೇ ಮದುವೆಯಾದಳು, ಗಂಡನೊಡನೆ ಬೆಟ್ಟವಿಳಿದು ಕೆರೊಲಿನಾದ ಗಿರಣಿಗಳಿಗೆ ಬಂದಳು. ಕೆಲವು ವರ್ಷಗಳಲ್ಲಿ ಗಂಡ ಮನೆ ಬಿಟ್ಟು ಹೋದ. ಮಕ್ಕಳು ಉಳಿದರು.

ಗ್ಯಾಸ್ಟೋನಿಯಾದ ಪಕ್ಕದ ಬೆಸೆಮರ್ ಸಿಟಿಯ ಗಿರಣಿಯೊಂದರಲ್ಲಿ ಆಕೆ ನೂಲುವ ಕೆಲಸ ಮಾಡುತ್ತಿದ್ದಳು. ರಾತ್ರಿ ಪಾಳಿ, ಹನ್ನೆರಡು ಗಂಟೆ, ವಾರಕ್ಕೆ ಸುಮಾರು 9 ಡಾಲರ್ ಸಂಬಳ. ಹೆತ್ತ ಒಂಬತ್ತು ಮಕ್ಕಳಲ್ಲಿ ನಾಲ್ವರು ಬದುಕಿ ಉಳಿಯಲಿಲ್ಲ. ಆಕೆ ಸಭೆಗಳಲ್ಲಿ ಹೇಳುತ್ತಿದ್ದ ಸಂಗತಿ ಇಷ್ಟು: ಮಕ್ಕಳಿಗೆ ನಾಯಿಕೆಮ್ಮು ಹಿಡಿದಾಗ, ರಾತ್ರಿ ಅವರ ಬಳಿ ಇರುವುದಕ್ಕಾಗಿ ಹಗಲು ಪಾಳಿಗೆ ಹಾಕಿರೆಂದು ಮೇಸ್ತ್ರಿಯನ್ನು ಬೇಡಿದಳು, ಆತ ಒಪ್ಪಲಿಲ್ಲ, ಕೆಲಸ ಬಿಡಬೇಕಾಯಿತು, ಕೆಲಸ ಬಿಟ್ಟದ್ದರಿಂದ ಔಷಧಕ್ಕೆ ಹಣವಿಲ್ಲವಾಯಿತು. ಕೆಲಸಕ್ಕೆ ಹೋದರೆ ಆರೈಕೆಗೆ ಜನವಿಲ್ಲ, ಮನೆಯಲ್ಲಿ ಉಳಿದರೆ ಔಷಧಕ್ಕೆ ಕಾಸಿಲ್ಲ. ಈ ಇಕ್ಕಟ್ಟನ್ನು ವಿವರಿಸಲು ಆಕೆಗೆ ಯಾವ ಸಿದ್ಧಾಂತದ ನೆರವೂ ಬೇಕಾಗಿರಲಿಲ್ಲ.

ಲೋರೇ ಗಿರಣಿಯ ಸ್ಥಿತಿ ಆಗ ಇನ್ನೂ ಬಿಗಡಾಯಿಸಿತ್ತು. ಉತ್ತರದ ರೋಡ್ ಐಲೆಂಡಿನ ಮಾಲೀಕರು ಹೊಸ ಮೇಲ್ವಿಚಾರಕನನ್ನು ಕಳಿಸಿ, ಸುಮಾರು 3,500 ಇದ್ದ ಕೆಲಸಗಾರರನ್ನು 2,200ಕ್ಕೆ ಇಳಿಸಿದ್ದರು. ಉತ್ಪಾದನೆ ಮಾತ್ರ ಇಳಿಯಕೂಡದು. ಅಂದರೆ ಉಳಿದವರು ಮೊದಲಿಗಿಂತ ಹೆಚ್ಚು ಯಂತ್ರಗಳನ್ನು ನೋಡಿಕೊಳ್ಳಬೇಕು, ಅದೂ ಕಡಿಮೆ ಕೂಲಿಗೆ. ಇದಕ್ಕೆ ಇಲ್ಲಿಯ ಜನ ‘ಸ್ಟ್ರೆಚ್ ಔಟ್’ ಎನ್ನುತ್ತಿದ್ದರು. ಹಿಡಿದೆಳೆದು ಉದ್ದ ಮಾಡುವುದು, ನೂಲನ್ನಲ್ಲ, ಮನುಷ್ಯರನ್ನು. 1929ರ ಏಪ್ರಿಲ್ 1ರಂದು ಮುಷ್ಕರ ಆರಂಭವಾಯಿತು. ವಾರಕ್ಕೆ ಕನಿಷ್ಠ 20 ಡಾಲರ್ ಕೂಲಿ, ಐದು ದಿನಗಳ 40 ಗಂಟೆ ಕೆಲಸ, ಹೆಂಗಸರಿಗೂ ಸಮಾನ ವೇತನ, ಸಂಘಕ್ಕೆ ಮಾನ್ಯತೆ: ಇವು ಮುಖ್ಯ ಬೇಡಿಕೆಗಳು. ಶನಿವಾರ ಬೆಳಿಗ್ಗೆ ಮಕ್ಕಳನ್ನು ಕನ್ನಡ ತರಗತಿಗೆ ಕರೆತರುವ ನಮಗೆ ಐದು ದಿನದ ವಾರ ಗಾಳಿ ನೀರಿನಷ್ಟು ಸಹಜ. ಅದನ್ನು ಕೇಳಿದ್ದಕ್ಕೆ ಅಂದು ಗಿರಣಿಯ ಮನೆಗಳಿಂದ ಸಂಸಾರಗಳ ಪಾತ್ರೆ-ಪಗಡಗಳನ್ನು ಬೀದಿಗೆ ಹಾಕಲಾಯಿತು. ಅವರೆಲ್ಲ ಡೇರೆಗಳಲ್ಲಿ ಬದುಕಿದರು. ವಾರಕ್ಕೆ 40 ಗಂಟೆಯ ಮಿತಿ ದೇಶದ ಕಾನೂನಾಗಿ ಬರಲು 1938ರ ಶಾಸನದವರೆಗೆ ಕಾಯಬೇಕಾಯಿತು.

ಸಂಘವನ್ನು ಕಟ್ಟಿದವರು ಉತ್ತರದಿಂದ ಬಂದ ಕಮ್ಯುನಿಸ್ಟರು. ಅವರ ನಾಯಕ ಫ್ರೆಡ್ ಬೀಲ್ ಮ್ಯಾಸಚೂಸೆಟ್ಸ್‌ನವನು. ಅವರ ಭಾಷಣಗಳನ್ನು ಜನ ಗೌರವದಿಂದ ಕೇಳುತ್ತಿದ್ದರು. ಆದರೆ ಕರಪತ್ರದ ಭಾಷೆ ಬೆಟ್ಟದ ಜನರ ಭಾಷೆಯಲ್ಲ. ಎಲಾ ಮೇ ವೇದಿಕೆ ಹತ್ತಿ ಹಾಡಿದಾಗ ಸಭೆಯ ಸ್ವರೂಪವೇ ಬೇರೆಯಾಗುತ್ತಿತ್ತು. ಆಕೆ ಹೊಸ ಧಾಟಿಯನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಎಲ್ಲರಿಗೂ ಬರುತ್ತಿದ್ದ ಹಳೆಯ ಧಾಟಿಗೆ ಹೊಸ ಮಾತು ಜೋಡಿಸಿದಳು; ಎರಡನೆಯ ಸಲಕ್ಕೆ ಸಭೆಯೇ ಹಾಡುತ್ತಿತ್ತು. ಬೀಸುವ ಪದ, ಕುಟ್ಟುವ ಪದಗಳನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕಲ್ಲಿನ ಸುತ್ತಿಗೆ ಒದಗಿದ ಧಾಟಿ ಎಂದಿನದೇ. ಅದರೊಳಗೆ ಇಂದಿನ ಅತ್ತೆ, ಇಂದಿನ ಬರ, ಇಂದಿನ ಸಾಲ ಬಂದು ಸೇರುತ್ತವೆ.

ಆಕೆಯ ಹಾಡುಗಳಲ್ಲಿ ಹೆಚ್ಚು ಹೆಸರಾದದ್ದು ‘ಮಿಲ್ ಮದರ್ಸ್ ಲಮೆಂಟ್’, ಗಿರಣಿ ತಾಯಿಯ ಅಳಲು. ಅದರಲ್ಲಿ ಕ್ರಾಂತಿ ಎಂಬ ಶಬ್ದವಿಲ್ಲ. ಬೆಳಿಗ್ಗೆ ಮನೆ ಬಿಡುವುದು, ಮಕ್ಕಳ ಅಳು, ಸಂಬಳವೆಲ್ಲ ಅಂಗಡಿಯ ಬಾಕಿಗೆ ಹೋಗುವುದು, ಇಂಥ ಮನೆವಾರ್ತೆಯ ಲೆಕ್ಕವೇ ಆ ಹಾಡಿನ ಜೀವ. ಸಂಘದ ಮಾತು ಕೊನೆಗೆ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಆಕೆಯ ಎಲ್ಲ ಹಾಡುಗಳೂ ಈ ಎತ್ತರಕ್ಕೆ ಏರುವುದಿಲ್ಲ. ಧಣಿಯನ್ನು ಮೂದಲಿಸುವ, ಸೆರೆಮನೆಯ ಸುದ್ದಿ ಹೇಳುವ ಕೆಲವು ಅಂದಂದಿಗೆ ಸಲ್ಲುವ ಪದಗಳು. ಸಂದರ್ಭ ಕಳೆದ ಮೇಲೆ ಸಪ್ಪೆಯಾಗುತ್ತವೆ. ತಾಯಿಯ ಹಾಡು ಹಾಗಲ್ಲ. ನಮ್ಮಲ್ಲಿ 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಪದಗಳು ಪುಸ್ತಕಕ್ಕಿಂತ ಮುಂದಾಗಿ ಮೆರವಣಿಗೆಗಳಲ್ಲಿ ಹರಡಿದ್ದನ್ನು ಬಲ್ಲವರಿಗೆ, ಒಂದು ಹಾಡು ಭಾಷಣಕ್ಕಿಂತ ದೂರ ನಡೆಯುವುದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ.

ಆಕೆ ಬರಿಯ ಗಾಯಕಿಯಾಗಿರಲಿಲ್ಲ. ಬೆಸೆಮರ್ ಸಿಟಿಯ ಘಟಕದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಮೇ ತಿಂಗಳಲ್ಲಿ ಕೆಲವು ಮುಷ್ಕರನಿರತರೊಡನೆ ವಾಷಿಂಗ್ಟನ್ನಿಗೂ ಹೋದಳು. ಅವರ ಜೊತೆಯಲ್ಲಿದ್ದ ಹದಿನಾಲ್ಕು ವರ್ಷದ ಗಿರಣಿ ಹುಡುಗಿಯನ್ನು ಕಂಡು ಇದೇ ರಾಜ್ಯದ ಸೆನೆಟರ್ ಲೀ ಓವರ್‌ಮನ್, ಈ ಮಗು ಶಾಲೆಯಲ್ಲಿರಬೇಕಿತ್ತಲ್ಲ ಎಂದರಂತೆ. ಎಲಾ ಮೇ ಸುಮ್ಮನಿರಲಿಲ್ಲ. ಮೈಮುಚ್ಚುವಷ್ಟು ಬಟ್ಟೆ ಕೊಳ್ಳಲಾಗದೆ ಮಕ್ಕಳನ್ನು ಶಾಲೆಗೆ ಕಳಿಸುವುದು ಹೇಗೆ, ರಾತ್ರಿ ಕೆಲಸಕ್ಕೆ ಹೋಗುವಾಗ ಅವರನ್ನು ಮನೆಯೊಳಗೆ ಒಂಟಿಯಾಗಿ ಕೂಡಿಹಾಕಿ ಹೋಗುತ್ತೇನೆ ಎಂದು ನೇರವಾಗಿ ಹೇಳಿದಳು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆಕೆ ವಾಸಿಸುತ್ತಿದ್ದ ಜಾಗ. ಬಿಳಿಯಳಾದ ಆಕೆ ಗಿರಣಿಯ ಕೇರಿಯಲ್ಲಿರದೆ, ಸ್ಟಂಪ್‌ಟೌನ್ ಎಂಬ ಕರಿಯರ ಕೇರಿಯಲ್ಲಿ ಮನೆ ಮಾಡಿದ್ದಳು. ಆಕೆ ಗಿರಣಿಗೆ ಹೋದಾಗ ನೆರೆಹೊರೆಯ ಕಪ್ಪು ಹೆಂಗಸರು ಮಕ್ಕಳ ಮೇಲೆ ಕಣ್ಣಿಡುತ್ತಿದ್ದರು. ಸಂಘ ಬಂದಾಗ ಎಲಾ ಮೇ ಅದೇ ನೆರೆಹೊರೆಯವರನ್ನು ಸದಸ್ಯರಾಗುವಂತೆ ಒಲಿಸಿದಳು; ಅವರನ್ನು ಸೇರಿಸಿಕೊಳ್ಳಬೇಕೆಂದು ತನ್ನ ಘಟಕದಲ್ಲಿ ವಾದಿಸಿದಳು. ಅಲ್ಪ ಬಹುಮತದಿಂದ ಅದು ಅಂಗೀಕಾರವಾಯಿತು. 1929ರ ದಕ್ಷಿಣದಲ್ಲಿ ಕರಿಯರೂ ಬಿಳಿಯರೂ ಒಂದೇ ನಲ್ಲಿಯಲ್ಲಿ ನೀರು ಕುಡಿಯುವಂತಿರಲಿಲ್ಲ. ನಲ್ಲಿ, ಬಾವಿ, ಕೇರಿ ಎಂದರೆ ಏನೆಂಬುದು ನಮ್ಮ ಕಡೆಯಿಂದ ಬಂದವರಿಗೆ ಗೊತ್ತು. ಹಾಡುವುದನ್ನು ಮಾಲೀಕರು ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ. ಈ ಕೂಡುವಿಕೆಯನ್ನು ಸಹಿಸುವುದು ಅವರಿಂದಾಗುತ್ತಿರಲಿಲ್ಲವೆಂದು ನಾನು ತಿಳಿಯುತ್ತೇನೆ.

ಮುಂದಿನದು ಬೇಗ ನಡೆಯಿತು. ಜೂನ್ 7ರ ರಾತ್ರಿ ಡೇರೆಗಳ ಬಳಿ ನಡೆದ ಘರ್ಷಣೆಯಲ್ಲಿ ಪೊಲೀಸ್ ಮುಖ್ಯಸ್ಥ ಆರ್ವಿಲ್ ಆಡರ್‌ಹೋಲ್ಟ್ ಗುಂಡೇಟಿನಿಂದ ಗಾಯಗೊಂಡು ಮರಣಿಸಿದರು. ಬೀಲ್ ಮತ್ತು ಸಂಗಡಿಗರ ಮೇಲೆ ಕೊಲೆಯ ಮೊಕದ್ದಮೆ ಹೂಡಲಾಯಿತು, ವಿಚಾರಣೆ ಷಾರ್ಲಟ್‌ನಲ್ಲಿ. ಸತ್ತ ಅಧಿಕಾರಿಯ ಆಳೆತ್ತರದ ಮೇಣದ ಪ್ರತಿಮೆಗೆ ರಕ್ತದ ಕಲೆಯ ಉಡುಪು ತೊಡಿಸಿ ನ್ಯಾಯಾಲಯಕ್ಕೆ ತಂದಾಗ ಪಂಚರಲ್ಲೊಬ್ಬನ ಚಿತ್ತ ಸ್ಥಿಮಿತ ತಪ್ಪಿ, ಸೆಪ್ಟೆಂಬರ್ 9ರಂದು ವಿಚಾರಣೆ ಅರ್ಧಕ್ಕೇ ನಿಂತಿತು. ಆಮೇಲೆ ಗುಂಪುಗಳು ಬೀದಿಗಿಳಿದವು. ಸೆಪ್ಟೆಂಬರ್ 14ರಂದು ಬೆಸೆಮರ್ ಸಿಟಿಯ ಕೆಲಸಗಾರರು ಲಾರಿಯೊಂದರಲ್ಲಿ ನಿಂತು ಗ್ಯಾಸ್ಟೋನಿಯಾದ ಸಭೆಗೆ ಹೊರಟರು. ಅವರ ಬಳಿ ಆಯುಧವಿರಲಿಲ್ಲ. ದಾರಿಯಲ್ಲಿ ಗುಂಪೊಂದು ತಡೆದು ಹಿಂದಕ್ಕೆ ಕಳಿಸಿತು. ಲಾರಿ ಮನೆಯ ಕಡೆ ತಿರುಗಿದ ಮೇಲೂ ಕಾರುಗಳು ಬೆನ್ನಟ್ಟಿದವು. ಒಂದು ಕಾರು ಮುಂದೆ ಬಂದು ಅಡ್ಡ ನಿಂತಿತು, ಲಾರಿ ಅದಕ್ಕೆ ಡಿಕ್ಕಿ ಹೊಡೆಯಿತು, ಗುಂಡು ಹಾರಿದವು. ಒಂದು ಎಲಾ ಮೇಯ ಎದೆಗೆ ತಗುಲಿತು.

ಮೂರು ದಿನಗಳ ನಂತರ ಬೆಸೆಮರ್ ಸಿಟಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು. ಅಂದು ಸೆಪ್ಟೆಂಬರ್ 17, ಆಕೆಗೆ ಇಪ್ಪತ್ತೊಂಬತ್ತು ತುಂಬಬೇಕಿದ್ದ ದಿನ. ಗೋರಿಯ ಬಳಿ ಆಕೆಯದೇ ‘ತಾಯಿಯ ಅಳಲು’ ಹಾಡಿದರು. ಕೊಲೆ ನಡೆದದ್ದು ಹಗಲಿನಲ್ಲಿ, ಹಲವರ ಕಣ್ಣೆದುರು. ಆದರೂ ಆರೋಪಿಗಳಾದ ಗಿರಣಿಯ ಐವರನ್ನು 1930ರ ಮಾರ್ಚ್‌ನಲ್ಲಿ ಪಂಚರು ಅರ್ಧ ಗಂಟೆಯೊಳಗೆ ನಿರ್ದೋಷಿಗಳೆಂದು ಬಿಟ್ಟರು. ಬೀಲ್ ಮತ್ತು ಆರು ಮಂದಿಗೆ ಎರಡನೆಯ ವಿಚಾರಣೆಯಲ್ಲಿ ಶಿಕ್ಷೆಯಾಗಿತ್ತು. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಬೇರೆ ವ್ಯಾಖ್ಯಾನ ಬೇಕಿಲ್ಲ. ಗೋರಿಗೆ ಐವತ್ತು ವರ್ಷ ಕಲ್ಲಿರಲಿಲ್ಲ. 1979ರಲ್ಲಿ ಕಾರ್ಮಿಕ ಚಳವಳಿಯವರು ಒಂದು ಕಲ್ಲು ನೆಟ್ಟರು.

ಹಾಡುಗಳು ಉಳಿದದ್ದು ಮಾರ್ಗರೆಟ್ ಲಾರ್ಕಿನ್ ಎಂಬ ಪತ್ರಕರ್ತೆಯಿಂದ. ಮುಷ್ಕರದ ವರದಿಗೆಂದು ಬಂದಿದ್ದ ಆಕೆ ಆ ಹಾಡುಗಳನ್ನು ಕೇಳಿದ್ದಳು. ಎಲಾ ಮೇ ಸತ್ತ ಕೆಲವೇ ವಾರಗಳಲ್ಲಿ ಅವುಗಳನ್ನು ‘ದಿ ನೇಷನ್’ ಪತ್ರಿಕೆಯಲ್ಲಿ ಪ್ರಕಟಿಸಿದಳು. ಅಲ್ಲಿಂದ ಅವು ಸಂಗ್ರಹಗಳಿಗೆ ಹೋದವು. 1950ರ ದಶಕದಲ್ಲಿ ಪೀಟ್ ಸೀಗರ್ ಕೈಗಾರಿಕಾ ಹಾಡುಗಳ ಧ್ವನಿಮುದ್ರಿಕೆಯಲ್ಲಿ ‘ತಾಯಿಯ ಅಳಲು’ ಹಾಡಿದರು. 2017ರಲ್ಲಿ ಗ್ಯಾಸ್ಟೋನಿಯಾದಲ್ಲೇ ಬೆಳೆದ ವೈಲಿ ಕ್ಯಾಶ್ ‘ದಿ ಲಾಸ್ಟ್ ಬ್ಯಾಲಡ್’ ಎಂಬ ಕಾದಂಬರಿ ಬರೆದರು. ಅಷ್ಟು ದಿನ ಆ ಊರಿನ ಮನೆಗಳಲ್ಲಿ ಈ ಮಾತು ಎತ್ತುವಂತಿರಲಿಲ್ಲವೆಂದು ಇಲ್ಲಿಯ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದುಂಟು. ಕೊಂದವರೂ ಸತ್ತವರೂ ಒಂದೇ ಗಿರಣಿಯವರಾದಾಗ ಮೌನವೇ ಸಂಸಾರದ ರೀತಿಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ನನ್ನ ಅವ್ವ ಬಂದಿದ್ದಳು. ಒಂದು ಸಂಜೆ ಆ ಧ್ವನಿಮುದ್ರಿಕೆಯನ್ನು ಹಾಕಿ, ಹಾಡಿನ ತಾತ್ಪರ್ಯವನ್ನೂ ಹಾಡಿದವಳ ಕಥೆಯನ್ನೂ ಅವಳಿಗೆ ಕನ್ನಡದಲ್ಲಿ ಹೇಳಿದೆ. ಮುಷ್ಕರ, ಕಮ್ಯುನಿಸ್ಟರು, ನ್ಯಾಯಾಲಯ, ಇದೆಲ್ಲವನ್ನೂ ಅವಳು ಕೇಳಿಸಿಕೊಂಡಳು. ಮಿಲ್ಲಿನವರ ಮನೆಯವಳಿಗೆ ಮುಷ್ಕರ ಹೊಸದಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಆಮ್ಯಾಲೆ ಆ ಮಕ್ಕಳನ್ನ ಯಾರು ನೋಡ್ಕಂಡ್ರು?”

ನಾನು ಓದಿದ ಲೇಖನಗಳಲ್ಲಿ ಬಹಳಷ್ಟು ಆಕೆಯ ಸಾವಿನೊಂದಿಗೆ ಮುಗಿಯುತ್ತವೆ. ಉತ್ತರವನ್ನು ಹುಡುಕಬೇಕಾಯಿತು. ಉಳಿದಿದ್ದ ಐದು ಮಕ್ಕಳನ್ನು ಬೇರಿಯಮ್ ಸ್ಪ್ರಿಂಗ್ಸ್ ಎಂಬಲ್ಲಿಯ ಅನಾಥಾಲಯಕ್ಕೆ ಸೇರಿಸಿದರು. ಹಿರಿಯ ಮಗಳಿಗೆ ಆಗ ಹನ್ನೊಂದು ವರ್ಷ. ಬಹುಕಾಲದ ನಂತರ, 2015ರಲ್ಲಿ, ಮರಿಮಗಳು ಕ್ರಿಸ್ಟೀನಾ ಹಾರ್ಟನ್ ತನ್ನ ಮುತ್ತಜ್ಜಿಯ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದಳು. ಅಷ್ಟನ್ನು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಾಡನ್ನು ಇನ್ನೊಮ್ಮೆ ಹಾಕು ಎಂದಳು.

ಎಲಾ ಮೇಯ ದನಿಯ ಮುದ್ರಣ ಒಂದೂ ಇಲ್ಲ. ನಮ್ಮ ಮನೆಯಲ್ಲಿ ಮತ್ತೆ ಕೇಳಿಸಿದ್ದು ಸೀಗರರ ಗಂಡುದನಿಯೇ. ಅವ್ವ ಪೂರ್ತಿ ಕೇಳಿದಳು. “ಚಲೋ ಹಾಡ್ಯಾನೆ. ಆದ್ರೆ ಇದನ್ನ ಹೆಣ್ಮಗಳೇ ಹಾಡ್ಬೇಕಿತ್ತು,” ಎಂದಳು.